ಬಸ್ಸಿನೊಳಗಿನ ಮನೆ ನೋಡಿ ಬಂದೆವು

ನನಗೆ ಈಚೆಗೆ ಏನನ್ನೂ ಹೋಗಿ ನೋಡಬೇಕೆನಿಸುವುದಿಲ್ಲ. ಇದನ್ನು ವೈರಾಗ್ಯವೆಂದು ಯಾರೂ ತಿಳಿಯಬಾರದು, ಬರೀ ಮೊಣಕಾಲು ನೋವು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನಾನು. ಬಸ್ಸಿನಲ್ಲಿ ಕುಳಿತು ಹೋಗುವವರು ಹೊಲ, ಗುಡ್ಡ, ಕೆರೆ ನೋಡುತ್ತಾರೆ. ನಿಂತು ಹೋಗುವವನು ನೋಡುವುದು ತಲೆಗಳನ್ನು. ಅವುಗಳಲ್ಲಿ ಯಾವುದಕ್ಕೆ ಟಿಕೆಟ್ ಆಗಿದೆ, ಯಾವುದಕ್ಕೆ ಆಗಿಲ್ಲ ಎಂಬುದನ್ನು. ನಿವೃತ್ತಿಯಾದ ಮೇಲೆ ಎಮ್ಮಿಗನೂರಿನ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತೆ. ಅಲ್ಲಿಂದ ನನ್ನನ್ನು ಎಬ್ಬಿಸಬೇಕಾದರೆ ಊಟಕ್ಕೆ ಕರೆಯಬೇಕು. ಅಂಥವನು ಹೋದ ತಿಂಗಳು ಒಂದು ದಿನ ಪೂರ್ತಿ ಬಿಸಿಲಿನಲ್ಲಿ ನಿಂತು ಬಸ್ಸು ನೋಡಿ ಬಂದೆ ಎಂದರೆ ಕಟ್ಟೆಯ ಮಂದಿ ನಗದೆ ಇನ್ನೇನು ಮಾಡುತ್ತಾರೆ?

ನೋಡಿದ್ದು ಬರೀ ಬಸ್ಸಲ್ಲ. ಮೋಟರ್‌ಹೋಮ್ ಎನ್ನುತ್ತಾರೆ. ಬಸ್ಸಿನ ಹೊಟ್ಟೆಯೊಳಗೆ ಒಂದು ಮನೆಯನ್ನೇ ಇಟ್ಟಿರುತ್ತಾರೆ: ಮಂಚ, ಒಲೆ, ಫ್ರಿಜ್ಜು, ಟಿ.ವಿ. ಹಂಪಿಗೆ ಬರುವ ಪ್ರವಾಸಿಗರ ಕಣ್ಣಿಗೆ ಬೀಳಲಿ ಎಂದು ಕಮಲಾಪುರದ ಆಚೆ ಒಂದು ಬಯಲಿನಲ್ಲಿ ಇಂಥ ಹನ್ನೆರಡು ಗಾಡಿ ನಿಲ್ಲಿಸಿ ಮೂರು ದಿನ ಪ್ರದರ್ಶನ ಇಟ್ಟಿದ್ದರು. ನೋಡಲು ಹೊರಟದ್ದು ನಾನಲ್ಲ, ನನ್ನ ಹೆಂಡತಿ ನೀಲಮ್ಮ. ಅದು ನನಗೆ ಇನ್ನೂ ದೊಡ್ಡ ಆಶ್ಚರ್ಯ. ನೀಲಮ್ಮ ಊರು ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಹೆಂಗಸರಿಗೆ ಬಸ್ಸಿನಲ್ಲಿ ಸೊನ್ನೆ ಟಿಕೆಟ್ ಬಂದ ಮೇಲೆ ನಮ್ಮ ಓಣಿಯ ಹೆಂಗಸರೆಲ್ಲ ರಾಜ್ಯದ ನಕ್ಷೆಯನ್ನೇ ತುಳಿದು ಬಂದರು. ಇವಳು ಮಾತ್ರ ಮೆಟ್ರಿಯಲ್ಲಿರುವ ಅಕ್ಕನ ಮನೆಗೆ ಹೋಗುವುದಕ್ಕೂ ಹತ್ತು ನೆವ ಹೇಳುತ್ತಿದ್ದಳು.

ಆ ಅಕ್ಕ ಗೌರಮ್ಮ ಪ್ರತಿ ಯುಗಾದಿಗೆ ಶ್ರೀಶೈಲಕ್ಕೆ ಹೋಗುತ್ತಾಳೆ. ಪ್ರತಿ ವರ್ಷ ತಂಗಿಯನ್ನು ಕರೆಯುತ್ತಾಳೆ, ಪ್ರತಿ ವರ್ಷ ತಂಗಿ ಒಲ್ಲೆ ಎನ್ನುತ್ತಾಳೆ. ಈ ಸಲ ಗೌರಮ್ಮ ಫೋನಿನಲ್ಲಿ, "ನನಗೂ ವಯಸ್ಸಾತು. ಇದ ಕಡೀ ಸಲ, ಮುಂದ ನನ್ನ ಕೈಲಿ ಆಗಂಗಿಲ್ಲ. ಇಬ್ರೂ ಕೂಡಿ ಮಲ್ಲಯ್ಯನ್ನ ನೋಡಿ ಬರೂಣು ಬಾ" ಎಂದಳು. ನೀಲಮ್ಮ ನೋಡೋಣ ಎಂದಳು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಮರುದಿನ ಗೌರಮ್ಮನಿಂದ ಈ ಮೋಟರ್‌ಹೋಮಿನ ವಿಡಿಯೋ ಬಂತು, ಜೊತೆಗೆ ಒಂದು ಮಾತು: "ಇಂಥಾ ಬಸ್ಸಿದ್ರ ನೀನೂ ಬರ್ತಿದ್ದಿ ನೋಡು." ಅಕ್ಕತಂಗಿಯರು ಅದರ ಬಗ್ಗೆ ಬಹಳ ಹೊತ್ತು ಮಾತಾಡಿಕೊಂಡರು. ತಣ್ಣಗಿನ ಗಾಳಿಯ ಯಂತ್ರದ ಬಗ್ಗೆ ಇರಬೇಕೆಂದು ನಾನು ತಿಳಿದೆ. ಎರಡು ದಿನ ಬಿಟ್ಟು ನೀಲಮ್ಮ, "ಅದೇನೋ ಬಸ್ಸಂತಲ್ಲ, ಒಂದ್ಸಲ ನೋಡಿ ಬರೂಣು ನಡೀರಿ" ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿ ಬಿಟ್ಟು ಇಲ್ಲಿಗೆ ಹೋಗೋಣ ಎಂದದ್ದು ಕಡಿಮೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಹೊರಟೆ.

ಆದರೂ ಒಳಗೊಳಗೆ ನಗು ಬರುತ್ತಿತ್ತು. ಬಸ್ಸಿನಲ್ಲಿ ಮಲಗುವುದು ಈಗ ಶ್ರೀಮಂತರ ಷೋಕಿಯಂತೆ. ನನ್ನ ಕಾಲದಲ್ಲಿ ಅದಕ್ಕೆ ನೈಟ್ ಹಾಲ್ಟ್ ಎನ್ನುತ್ತಿದ್ದರು. ಕಡೆಯ ಬಸ್ಸು ಹಳ್ಳಿ ಮುಟ್ಟಿ ಅಲ್ಲೇ ತಂಗುತ್ತದೆ, ಬೆಳಿಗ್ಗೆ ಅದೇ ಮೊದಲ ಬಸ್ಸಾಗಿ ಹೊರಡುತ್ತದೆ. ಡ್ರೈವರಿಗೆ ಹಿಂದಿನ ಉದ್ದನೆಯ ಸೀಟು, ಕಂಡಕ್ಟರಿಗೆ ಮೂವರ ಸೀಟು. ಮೂವರ ಸೀಟಿನಲ್ಲಿ ಮಲಗಿದವನು ಮಂಡಿಯನ್ನು ಎದೆಗೆ ತಂದುಕೊಳ್ಳಬೇಕು, ಇಲ್ಲವೇ ಕಾಲನ್ನು ಕಿಟಕಿಯಿಂದ ಆಚೆ ಬಿಡಬೇಕು. ಸಂಡೂರಿನ ಗಣಿಧೂಳಿನಿಂದ ಹಿಡಿದು ಕಂಪ್ಲಿಯ ಗದ್ದೆಯ ಸೊಳ್ಳೆಯವರೆಗೆ ಎಲ್ಲವೂ ಆ ಕಿಟಕಿಗಳಿಂದಲೇ ಒಳಗೆ ಬಂದವು. ಇಂದಿನ ನನ್ನ ಮೊಣಕಾಲಿನ ಮೂಲ ಹುಡುಕಿದರೆ ಆ ಸೀಟಿನ ಕೆಳಗೇ ಸಿಕ್ಕೀತು. ಹಾಗೆ ನೋಡಿದರೆ ಮೋಟರ್‌ಹೋಮನ್ನು ನಾನು ವರ್ಷಗಟ್ಟಲೆ ಅನುಭವಿಸಿದ್ದೇನೆ, ಮೇಲಾಗಿ ಸಂಬಳ ತೆಗೆದುಕೊಂಡು.

ಕಮಲಾಪುರದಲ್ಲಿ ಇಳಿದು ಬಯಲು ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ನಮ್ಮ ಸೀಮೆಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ನೆರಳೆಂದರೆ ಗಾಡಿಗಳ ಬಗಲಿಗೆ ಬಿಚ್ಚಿದ ಬಟ್ಟೆಯ ಚಪ್ಪರ ಮಾತ್ರ. ಅದರ ಕೆಳಗೆ ಬೆತ್ತದ ಕುರ್ಚಿಗಳಿದ್ದವು, ಕುಳಿತುಕೊಳ್ಳುವಂತಿರಲಿಲ್ಲ, ಹಗ್ಗ ಕಟ್ಟಿದ್ದರು. ಪ್ರತಿ ಗಾಡಿಯ ಮುಂದೆ ಸಾಲು. ಸಾಲಿನ ತುದಿಯಲ್ಲಿ ಚಪ್ಪಲಿ ಬಿಡಬೇಕು. ಬಸ್ಸು ಹತ್ತುವುದಕ್ಕೆ ಚಪ್ಪಲಿ ಬಿಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಬಿಸಿ ನೆಲದ ಮೇಲೆ ಬರಿಗಾಲಲ್ಲಿ ಕುಣಿಯುತ್ತ, ದೇವರಿಗಾದರೂ ಇಷ್ಟು ಭಕ್ತಿ ತೋರಿಸಿದ್ದರೆ ಮೊಣಕಾಲು ವಾಸಿಯಾಗುತ್ತಿತ್ತೇನೋ ಎಂದುಕೊಂಡೆ.

ಒಳಗೆ ಹೋದ ಕೂಡಲೇ ರೂಢಿಯಂತೆ ಸೀಟು ಎಣಿಸಿದೆ. ನಾಲ್ಕು. ಇಷ್ಟು ಉದ್ದದ ಗಾಡಿಯಲ್ಲಿ ಸಂತೆಯ ದಿನ ನಾನು ಎಂಬತ್ತು ಮಂದಿಯನ್ನು ತುಂಬಿ, ಮೇಲೆ ಎರಡು ಕೋಳಿಬುಟ್ಟಿಗೂ ಜಾಗ ಮಾಡಿಕೊಟ್ಟವನು. ಇಲ್ಲಿ ಒಲೆಯ ಪಕ್ಕದ ತಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಸೇಬು ಇಟ್ಟಿದ್ದರು, ಮಂಚದ ಮೇಲೆ ಪ್ಲಾಸ್ಟಿಕ್ಕಿನ ಹೂ. ವಿವರಿಸಲು ನಿಂತಿದ್ದ ಹುಡುಗಿ ಒಂದು ಗುಂಡಿ ಒತ್ತಿದರೆ ಸೋಫಾ ಹಾಸಿಗೆಯಾಗುತ್ತಿತ್ತು, ಇನ್ನೊಂದು ಒತ್ತಿದರೆ ಟಿ.ವಿ. ಗೋಡೆಯಿಂದ ಇಳಿಯುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ಸುಳ್ಳೇಕೆ ಹೇಳಲಿ. ನೀಲಮ್ಮ ಇದ್ಯಾವುದನ್ನೂ ನೋಡಲಿಲ್ಲ. ಅವಳು ಬಾಗಿಲುಗಳನ್ನು ತೆಗೆದು ನೋಡುತ್ತಿದ್ದಳು. ಮೊದಲನೆಯದು ಬಟ್ಟೆಯ ಕಪಾಟು. ಎರಡನೆಯದು ಪಾತ್ರೆಯದು. ಮೂರನೆಯ ಬಾಗಿಲಿನ ಮುಂದೆ ನಿಂತುಬಿಟ್ಟಳು. ಒಳಗೆ ಬಿಳಿಯ ಪುಟ್ಟ ಪಾಯಿಖಾನೆ, ಕೈ ತೊಳೆಯುವ ಬೋಗುಣಿ, ಕನ್ನಡಿ. ಮುಚ್ಚಳದ ಮೇಲೆ ಒಂದು ಕಾಗದ ಅಂಟಿಸಿದ್ದರು: ಪ್ರದರ್ಶನಕ್ಕೆ ಮಾತ್ರ, ಬಳಸಬಾರದು.

ಮುಂದಿನ ಗಾಡಿಯಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ. ನೇರವಾಗಿ ಆ ಬಾಗಿಲಿಗೆ ಹೋಗುವಳು, ತೆಗೆಯುವಳು, ನೋಡುವಳು, ಮೆತ್ತಗೆ ಮುಚ್ಚುವಳು. ಐದನೆಯ ಗಾಡಿಯಲ್ಲಿ ಅವಳ ಮುಖ ಬೆವೆತು ಬಿಳಿಚಿಕೊಂಡಿತು. ಅಲ್ಲಿದ್ದ ಹುಡುಗಿ ಅವಳನ್ನು ಸೋಫಾದ ಮೇಲೆ ಕೂರಿಸಿ ಒಂದು ನೀರಿನ ಬಾಟಲಿ ಕೊಟ್ಟಳು. ನೀಲಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕುಳಿತಳು.

"ಕುಡಿ" ಎಂದೆ.

"ಬ್ಯಾಡ್ರಿ. ಊರು ಮುಟ್ಟಿದ ಮ್ಯಾಲ ಕುಡೀತೀನಿ."

"ಮುಂಜಾನಿಂದ ಎಷ್ಟು ನೀರು ಕುಡ್ದಿ?"

ಉತ್ತರ ಕೊಟ್ಟದ್ದು ಆ ಹುಡುಗಿ. "ನಾವೂ ಬೆಳಗ್ಗೆಯಿಂದ ಕುಡಿದಿಲ್ಲ ಸರ್. ಗ್ರೌಂಡಲ್ಲಿ ಲೇಡೀಸಿಗೆ ಇಟ್ಟಿರೋದು ಒಂದೇ ಟಾಯ್ಲೆಟ್ಟು, ಅದಕ್ಕೂ ಬೀಗ. ಕೀಲಿ ಇಟ್ಕೊಂಡವರು ಎಲ್ಲಿದಾರೋ ಗೊತ್ತಿಲ್ಲ." ಹೇಳಿ ಹುಡುಗಿ ನಕ್ಕಳು. ನೀಲಮ್ಮನೂ ನಕ್ಕಳು. ಅವರಿಬ್ಬರಿಗೂ ಮೊದಲೇ ಪರಿಚಯವಿದ್ದಂತೆ ಇತ್ತು ಆ ನಗು. ಹನ್ನೆರಡು ಪಾಯಿಖಾನೆಗಳ ನಡುವೆ ನಿಂತು ನಾನೊಬ್ಬನೇ ಏನೂ ತಿಳಿಯದವನಾಗಿದ್ದೆ.

ಆಮೇಲೆ ನೀಲಮ್ಮ ಹೇಳಿದಳು. ಜಗಳದ ದನಿಯಲ್ಲಲ್ಲ, ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ. ನಮ್ಮ ಮದುವೆಯಾದ ಎರಡನೆಯ ವರ್ಷ ಅವಳು ನನ್ನದೇ ಬಸ್ಸಿನಲ್ಲಿ ಹೊಸಪೇಟೆಯಿಂದ ಮೆಟ್ರಿಗೆ ಹೊರಟಿದ್ದಳಂತೆ. ಆಗ ಬಸುರಿ. ದಾರಿಯಲ್ಲಿ ತಡೆಯಲಾಗದೆ ನನ್ನ ಕಡೆ ನೋಡಿದಳಂತೆ, ಕಣ್ಣಿನಲ್ಲೇ ಕೇಳಿದಳಂತೆ. ನಾನು ಹತ್ತಿರ ಬಂದು, "ಇನ್ನೇನು ಊರು ಬಂತು, ತಡಿ" ಎಂದು ಸೀಟಿ ಊದಿದೆನಂತೆ. ಬಸ್ಸು ಲೇಟಾಗಿತ್ತಂತೆ. "ಆವತ್ತಿನಿಂದ ಬಸ್ಸು ಹತ್ತೋ ದಿನ ನೀರು ಮುಟ್ಟಂಗಿಲ್ರಿ ನಾನು. ಶ್ರೀಶೈಲ ಅಂದ್ರ ಒಂದು ಹಗಲು ಪೂರಾ ದಾರಿ. ಈ ವಯಸ್ಸಿನಾಗ ಅಷ್ಟೊತ್ತು ನೀರಿಲ್ದ ಹೆಂಗ ಇರ್ಲಿ?"

ನನಗೆ ಆ ದಿನ ನೆನಪಿಲ್ಲ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅದೇ ನನಗೆ ನಾಚಿಕೆ. ಒಂದು ದಿನ ಮಾಡಿದ್ದಾದರೆ ನೆನಪಿರುತ್ತಿತ್ತು, ದಿನಾ ಮಾಡಿದ್ದು ಯಾರಿಗೆ ನೆನಪಿರುತ್ತದೆ? ಗಂಡಸರು ನಿಲ್ಲಿಸೆಂದರೆ ನಿಲ್ಲಿಸುತ್ತಿದ್ದೆವು. ಅವರು ಕೂಗಿ ಕೇಳುತ್ತಿದ್ದರು, ಇಳಿದು ಬೇಲಿಯ ಪಕ್ಕ ನಿಲ್ಲುತ್ತಿದ್ದರು, ಬೀಡಿಯನ್ನೂ ಹಚ್ಚಿಕೊಂಡು ಬರುತ್ತಿದ್ದರು. ಹೆಂಗಸರು ಕೇಳುತ್ತಿರಲಿಲ್ಲ. ಕೇಳದವರಿಗೆ ಬೇಕಾಗಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಬಸ್ಸಿನ ತುಂಬ ತಲೆಗಳನ್ನು ನೋಡಿದವನು ಮುಖ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ; ನನ್ನ ದೀಪದ ಬುಡದಲ್ಲಿ ನನ್ನ ಹೆಂಡತಿಯೇ ಕುಳಿತಿದ್ದಳು.

ಬಾಟಲಿ ತೆಗೆದು ನಾನೇ ಅರ್ಧ ಕುಡಿಸಿದೆ. ಉಳಿದ ಗಾಡಿಗಳನ್ನು ನೋಡದೆ ಹೊರಬಂದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕಮಲಾಪುರದ ಒಂದು ಬೇವಿನ ಮರದ ಕೆಳಗೆ ಕುಳಿತು ಹಂಪಿಯ ಕಡೆ ಹೋಗುವ ಪ್ರವಾಸಿಗರನ್ನು ನೋಡುತ್ತಿದ್ದೆ. ಹಂಪಿಯಲ್ಲಿ ರಾಣಿಯರ ಸ್ನಾನಗೃಹ ತೋರಿಸುತ್ತಾರೆ, ಆನೆಗಳ ಲಾಯ ತೋರಿಸುತ್ತಾರೆ, ಕಲ್ಲಿನಲ್ಲಿ ಕಡೆದ ಊಟದ ತಟ್ಟೆಗಳನ್ನು ತೋರಿಸುತ್ತಾರೆ. ಆನೆ ಎಲ್ಲಿ ನಿಲ್ಲುತ್ತಿತ್ತು ಎಂದು ನಮಗೆ ಗೊತ್ತು. ಆ ಬೀದಿಗಳಲ್ಲಿ ಹೂ ಮಾರುತ್ತಿದ್ದವಳು, ಕಲ್ಲು ಹೊರುತ್ತಿದ್ದವಳು ದಿನವಿಡೀ ಒಂದಕ್ಕೆ ಎಲ್ಲಿಗೆ ಹೋಗುತ್ತಿದ್ದರು ಎಂದು ಯಾವ ಗೈಡೂ ಹೇಳಿದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ. ಬಹುಶಃ ಅವರೂ ನೀರು ಕುಡಿಯುತ್ತಿರಲಿಲ್ಲ. ಇಷ್ಟು ದೊಡ್ಡ ಯೋಚನೆ ನನಗೆ ಬಂದದ್ದು ಅರವತ್ತೇಳನೆಯ ವಯಸ್ಸಿನಲ್ಲಿ. ಬುದ್ಧಿಯೂ ನಮ್ಮ ಬಸ್ಸಿನ ಹಾಗೆ ಲೇಟಾಗಿಯೇ ಬರುತ್ತದೆ.

ಹೊಸಪೇಟೆಯಿಂದ ಕಂಪ್ಲಿ ಮೇಲೆ ಎಮ್ಮಿಗನೂರಿಗೆ ಹೋಗುವ ಬಸ್ಸು ಬಂತು. ಹತ್ತಿ ಕುಳಿತೆವು. ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು, ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಕಂಪ್ಲಿ ಇನ್ನೂ ದೂರವಿತ್ತು. ಪಕ್ಕದಲ್ಲಿ ನೀಲಮ್ಮ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಬಸ್ಸಿನಲ್ಲಿ ಮೊದಲ ಸಲ ಅವಳ ಮುಖ ನೋಡಿದೆ. ನೀರು ಕುಡಿಸಿದವನು ನಾನೇ. ಎದ್ದು ಕಂಡಕ್ಟರನ ಹತ್ತಿರ ಹೋದೆ. ಚಿಕ್ಕ ವಯಸ್ಸಿನವನು, ಬೆವರಿನಲ್ಲಿ ಅಂಗಿ ಮೈಗಂಟಿತ್ತು.

"ಸ್ವಲ್ಪ ನಿಲ್ಸಪ್ಪ. ಒಂದಕ್ಕ ಹೋಗಬೇಕು."

"ಅಜ್ಜಾರ, ಬಸ್ಸು ಭಾಳ ಲೇಟ್ ಐತ್ರಿ. ಇನ್ನೇನು ಕಂಪ್ಲಿ ಬಂತು."

"ಸಕ್ಕರಿ ಕಾಯಿಲಿ ಐತಪ್ಪ. ತಡಿಯಾಕ ಆಗಂಗಿಲ್ಲ."

ನನಗೆ ಸಕ್ಕರೆ ಕಾಯಿಲೆ ಇಲ್ಲ. ಆದರೆ ಅವನು ಕೂಡಲೇ ಸೀಟಿ ಊದಿದ, ಬಸ್ಸು ನಿಂತಿತು. ಗಂಡಸಿನ ತುರ್ತಿಗೆ ಇಂದಿಗೂ ಅಷ್ಟು ಮರ್ಯಾದೆಯಿದೆ. ನೀಲಮ್ಮನಿಗೆ ಬಾ ಎಂದು ಕೈ ಮಾಡಿ, ಕಂಬಿ ಹಿಡಿದು ಮೆಲ್ಲಗೆ ಇಳಿದೆ. ರಸ್ತೆಯ ಬದಿಗೆ ಜಾಲಿಯ ಪೊದೆಗಳಿದ್ದವು. ನೀಲಮ್ಮ ಇಳಿದಳು. ಅವಳ ಹಿಂದೆ ಕೈಚೀಲ ಹಿಡಿದ ಒಬ್ಬಾಕೆ ಇಳಿದಳು. ಅವಳ ಹಿಂದೆ ಮಗುವನ್ನು ಎತ್ತಿಕೊಂಡವಳು, ಆಮೇಲೆ ಕಾಲೇಜಿನ ಇಬ್ಬರು ಹುಡುಗಿಯರು, ಕಡೆಗೆ ನನಗಿಂತ ವಯಸ್ಸಾದ ಒಬ್ಬ ಮುದುಕಿ. ಯಾರೂ ಯಾರನ್ನೂ ಕೇಳಲಿಲ್ಲ, ಒಂದು ಮಾತೂ ಆಡಲಿಲ್ಲ. ಆರು ಮಂದಿ ಸಾಲಾಗಿ ಪೊದೆಯ ಹಿಂದೆ ಹೋದರು. ಮೂವತ್ತೊಂದು ವರ್ಷ, ದಿನಕ್ಕೆ ಎಷ್ಟು ಟ್ರಿಪ್ಪು, ಟ್ರಿಪ್ಪಿಗೆ ಎಷ್ಟು ಜನ ಹೀಗೆ ಕಂಬಿ ಹಿಡಿದು ಕುಳಿತಿದ್ದರು?

ಡ್ರೈವರ್ ಹಾರ್ನ್ ಹೊಡೆದ. ಕಂಡಕ್ಟರ್ ಗಡಿಯಾರ ನೋಡಿಕೊಂಡ. ನನ್ನ ನೌಕರಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೈದದ್ದು ಒಂದು ಜಾತಿಯ ಪ್ರಯಾಣಿಕರನ್ನು. ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಲ್ಲುವವರು. ಅವರು ಹಾಗೆ ನಿಂತಿರುವ ತನಕ ಬಸ್ಸು ಕದಲುವಂತಿಲ್ಲ. ನಾನು ರಸ್ತೆಯ ಕಡೆ ಮುಖ ಮಾಡಿ, ನೋಯುವ ಬಲಗಾಲನ್ನು ಎತ್ತಿ ಫುಟ್‌ಬೋರ್ಡಿನ ಮೇಲಿಟ್ಟು ನಿಂತೆ.

"ಅಜ್ಜಾರ, ಮ್ಯಾಲರ ಬರ್ರಿ, ಇಲ್ಲಾ ಕೆಳಗರ ಇಳೀರಿ" ಎಂದ ಅವನು. ಅಕ್ಷರ ಬಿಡದೆ ನನ್ನದೇ ಮಾತು.

"ಕಾಲು ಹಿಡಕೊಂಡೈತಪ್ಪ. ಸ್ವಲ್ಪ ತಡಿ."

ಅವನು ಪೊದೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಒಬ್ಬೊಬ್ಬರೇ ಬಂದು ಹತ್ತಿದರು. ಮುದುಕಿ ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟಳು, ಮೊಣಕಾಲಿನಲ್ಲಿ ನಕ್ಷತ್ರ ಕಂಡವು. ಎಲ್ಲರೂ ಕುಳಿತ ಮೇಲೆ ನಾನು ಕಾಲು ತೆಗೆದೆ.

ಬಸ್ಸು ಹೊರಟ ಮೇಲೆ ನೀಲಮ್ಮ ಚೀಲದಿಂದ ಬಾಟಲಿ ತೆಗೆದಳು. ಉಳಿದ ಅರ್ಧವನ್ನು ಒಂದೇ ಸಲಕ್ಕೆ ಗಟಗಟ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಅಕ್ಕಗ ಒಂದು ಫೋನ್ ಹಚ್ಚಿಕೊಡ್ರಿ" ಎಂದಳು. ಹಚ್ಚಿಕೊಟ್ಟೆ.

ಕಟ್ಟೆಯ ಮಂದಿ ಈಗಲೂ ಕೇಳುತ್ತಾರೆ, ಆ ಬಸ್ಸಿನ ಮನೆ ನೋಡುವುದಕ್ಕೆ ಅಷ್ಟು ದೂರ ಹೋಗಬಹುದೇ, ಹೋದರೆ ಏನಾದರೂ ಉಪಯೋಗ ಉಂಟೇ ಎಂದು. ಬಿಸಿಲು ಜಾಸ್ತಿ, ಕೂರಲು ಜಾಗವಿಲ್ಲ, ಸೇಬು ಪ್ಲಾಸ್ಟಿಕ್ಕಿನದು ಎನ್ನುತ್ತೇನೆ. ಹೆಂಡತಿಯನ್ನು ಕರೆದುಕೊಂಡು ಹೋಗುವುದಾದರೆ ಹೋಗಿ ಎಂದೂ ಹೇಳುತ್ತೇನೆ. ಬರುವ ವಾರ ನಾವು ಮೂವರೂ ಶ್ರೀಶೈಲಕ್ಕೆ ಹೊರಡುತ್ತೇವೆ, ಸರ್ಕಾರಿ ಬಸ್ಸಿನಲ್ಲೇ. ನೀಲಮ್ಮ ಚೀಲದಲ್ಲಿ ಆರು ಬಾಟಲಿ ನೀರು ಇಟ್ಟುಕೊಂಡಿದ್ದಾಳೆ. ದಾರಿ ಉದ್ದ, ನನ್ನ ಕಾಲುಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಆದರೆ ಫುಟ್‌ಬೋರ್ಡಿನ ಮೇಲಿಡಲು ಒಂದು ಕಾಲು ಸಾಕು.