ಬಾವಿ ಕಾಕಾ ಸಮುದ್ರಕ್ಕೆ ಇಳಿದದ್ದು

ಕಾಕಾನ ಬೆರಳ ತುದಿಗಳು ಸದಾ ನೆನೆಸಿಟ್ಟ ಶೇಂಗಾದಂತೆ ಬಿಳುಚಿ ಸುಕ್ಕುಗಟ್ಟಿರುತ್ತಿದ್ದವು. ಕಣ್ಣು ಮುಚ್ಚಿಕೊಂಡೇ ನಟ್ಟು ಮುಟ್ಟಿ, ಇದಕ್ಕೆ ಯಾವ ಪಾನ, ಅಂದರೆ ಸ್ಪ್ಯಾನರು, ಬೇಕು ಎಂದು ಹೇಳಿಬಿಡುತ್ತಿದ್ದ. ಕೊಟ್ಟೂರಿನ ನಮ್ಮ ಓಣಿಯ ತಿರುವಿನಲ್ಲಿ ಅವನದು ಮೋಟಾರು ರಿಪೇರಿ ಅಂಗಡಿ. ಆದರೆ ಕಾನಹೊಸಹಳ್ಳಿಯಿಂದ ಹಂಪಸಾಗರದವರೆಗಿನ ರೈತರು ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಬಾವಿಗೆ ಇಳಿಸಲು. ಪಂಪಿನ ಪೈಪಿನ ತುದಿಗೆ ಕಸ ಸಿಕ್ಕಿಕೊಂಡರೆ ರಾಡಿ ನೀರಿನ ತಳಕ್ಕೆ ಮುಳುಗಿ, ತಡಕಾಡಿ, ಬಿಡಿಸಿ ಬರುತ್ತಿದ್ದ. ಒಮ್ಮೊಮ್ಮೆ ಪೊಲೀಸರೂ ಕರೆಯುತ್ತಿದ್ದರು. ಬಾವಿಗೆ ಬಿದ್ದವರನ್ನು ಮೇಲೆ ತಂದ ದಿನ ತಲೆಗೆ ನೀರು ಹಾಕಿಕೊಂಡು, ಉಣ್ಣದೆ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ನನಗೆ ಅವನು ರಕ್ತಸಂಬಂಧಿಯಲ್ಲ, ಓಣಿಗೆಲ್ಲ ಕಾಕಾ. ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ ಮುನಿಸಿಕೊಳ್ಳುತ್ತಾನೆ, ಆದ್ದರಿಂದ ಇಲ್ಲಿಯೂ ಹಚ್ಚುವುದಿಲ್ಲ.

ನನಗೂ ನನ್ನ ಇಬ್ಬರು ಗೆಳೆಯರಿಗೂ ಈಜು ಕಲಿಸಿದವನು ಅವನೇ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ದಂಡೆಯಿಂದ ನೂಕಿಬಿಡುವುದು. "ಬಾಯಿ ಮುಚ್ಚು. ಉಸಿರು ಗಂಟು ಹಾಕು. ಮ್ಯಾಲೆ ಬಾ." ಇಷ್ಟೇ ಪಾಠ. ಗಂಟು ಬಿಚ್ಚಿ ನೀರು ಕುಡಿದವನಿಗೆ ಹಗ್ಗದ ತುದಿಯ ಪೆಟ್ಟು. ಅವನು ಮುಳುಗಿದಾಗ ನಾವು ದಂಡೆಯ ಮೇಲೆ ಕೂತು ಗಟ್ಟಿಯಾಗಿ ಎಣಿಸುತ್ತಿದ್ದೆವು. ನೂರು ದಾಟಿದ ಮೇಲೆ ನಮ್ಮ ದನಿ ನಡುಗಲು ಶುರುವಾಗುತ್ತಿತ್ತು. ನೂರಿಪ್ಪತ್ತರ ಸುಮಾರಿಗೆ ತಲೆ ಕಾಣಿಸಿ, "ಅಳಾಕ ಹತ್ತಿದ್ರೇನಲೇ?" ಎಂದು ನಗುತ್ತಿದ್ದ. ನೀರಿನಲ್ಲಿ ಕಾಕಾ ಹೆದರುತ್ತಾನೆ ಎಂದರೆ ಆ ದಿನಗಳಲ್ಲಿ ಯಾರೂ ನಂಬುತ್ತಿರಲಿಲ್ಲ.

ನಮ್ಮ ಮೂವರಿಗೂ ನಲವತ್ತು ತುಂಬಿದ ವರ್ಷ ಸಮುದ್ರದಲ್ಲಿ ಡೈವಿಂಗ್ ಮಾಡುವ ಹುಚ್ಚು ಹಿಡಿಯಿತು. ಹುಚ್ಚು ಹಚ್ಚಿದವನು ನಾನೇ. ಒಬ್ಬ ಗೆಳೆಯನದು ಊರಲ್ಲೇ ಗೊಬ್ಬರದ ಅಂಗಡಿ, ಇನ್ನೊಬ್ಬ ಹಡಗಲಿಯ ಬ್ಯಾಂಕಿನಲ್ಲಿದ್ದಾನೆ, ನಾನು ಹರಪನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಗುರುವನ್ನು ಬಿಟ್ಟು ಹೋಗುವುದೇ ಎಂದು ಕಾಕಾನನ್ನೂ ಹೊರಡಿಸಿದೆವು.

"ಉಪ್ಪು ನೀರಾಗ ಏನ್ ಬಿದ್ದೈತಲೇ, ತೆಗಿಯಾಕ?" ಎಂದು ಕೇಳಿದ.

"ಏನೂ ಬಿದ್ದಿಲ್ಲ ಕಾಕಾ. ಸುಮ್ನ ನೋಡಿ ಬರೋದು."

ಏನೂ ಬೀಳದ ನೀರಿಗೆ ಇಳಿಯುವುದು ಅವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆದರೂ ಬಂದ. ಐವತ್ತೆಂಟರ ಅವನ ಎದೆಗೆ ಕೊಳವೆ ಹಿಡಿದ ನಮ್ಮೂರ ಡಾಕ್ಟರು, ನಮ್ಮ ಮೂವರ ಎದೆಗಿಂತ ಇದೇ ಗಟ್ಟಿ ಎಂದು ಸಹಿ ಹಾಕಿಕೊಟ್ಟಿದ್ದರು.

ಮುರುಡೇಶ್ವರದಲ್ಲಿ ದೇವರ ದರ್ಶನ ಮುಗಿಸಿ ದೋಣಿ ಹತ್ತಿದೆವು. ಅಲ್ಲಿ ನಮಗೆ ಕಲಿಸಲು ಬಂದವಳು ಹೊನ್ನಾವರದ ಕಡೆಯ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕಡಲ ನಡುವಿನ ದ್ವೀಪವೊಂದರ ಹತ್ತಿರ ಲಂಗರು ಹಾಕಿದ ಮೇಲೆ ಅವಳು ಹೇಳಿದ ಮೊದಲ ಮಾತೇ ಕಾಕಾನ ಪಾಠಕ್ಕೆ ತಿರುಗೇಟು.

"ಏನೇ ಆದ್ರೂ ಉಸಿರು ಹಿಡೀಬಾರ್ದು. ಉಸಿರಾಡ್ತಾನೇ ಇರಿ. ಬಾಯಿಂದ ಗಾಳಿ ನಳಿಗೆ ಬಿದ್ರೂ ಸಣ್ಣಗೆ ಗುಳ್ಳೆ ಬಿಡ್ತಾ ಇರ್ಬೇಕು."

"ಯಾಕ, ತಾಯಿ?" ಎಂದ ಕಾಕಾ.

"ಸಿಲಿಂಡರಿನಿಂದ ಕೆಳಗೆ ಎಳ್ಕೊಂಡ ಗಾಳಿ, ಮೇಲೆ ಬರ್ತಾ ಹಿಗ್ತದೆ ಅಂಕಲ್. ಹಿಡ್ಕೊಂಡೇ ಮೇಲೆ ಬಂದ್ರೆ ಶ್ವಾಸಕೋಶ ಹರೀತದೆ."

"ಟ್ಯೂಬಿಗೆ ಗಾಳಿ ಜಾಸ್ತಿ ಆದ್ರ ಸಿಡೀತೈತಲ್ಲ, ಹಂಗ?"

"ಹಾಗೇ."

ಕಾಕಾ ಅವಳಿಂದ ಅದನ್ನು ಮೂರು ಸಲ ಹೇಳಿಸಿದ. ಆಮೇಲೆ ದೋಣಿಯ ಮೂಲೆಯಲ್ಲಿ ಕೂತು ಬಾಯಿಂದ ಉಸಿರು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು. ಬ್ಯಾಂಕಿನವನು, "ಕಾಕಾಗ ಹೆರಿಗಿ ನೋವು ಬಂದೈತಿ, ಸೂಲಗಿತ್ತಿನ್ನ ಕರೀರಿ" ಎಂದ. ದೋಣಿಯೆಲ್ಲ ನಕ್ಕಿತು. ಕಾಕಾ ನಗಲಿಲ್ಲ, ನಿಲ್ಲಿಸಲೂ ಇಲ್ಲ. ನಾನು ಮಾತ್ರ ಆ ಹುಡುಗಿಯ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಒತ್ತಡ ಇಳಿದರೆ ಗಾತ್ರ ಏರುತ್ತದೆ ಎಂದು ಹದಿನೈದು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತಿರುವವನಿಗೆ ಇವಳೇನು ಹೇಳುವುದು ಎಂಬ ಧಿಮಾಕು.

ಗೆಳೆಯರಿಬ್ಬರೂ ಇನ್ನೊಬ್ಬ ತರಬೇತಿಯವನ ಜೊತೆ ದೋಣಿಯ ಆ ಬದಿಯಿಂದ ಇಳಿದರು. ನಾನೂ ಕಾಕಾನೂ ಈ ಹುಡುಗಿಯ ಎರಡು ಕೈ ಹಿಡಿದು ಹಗ್ಗದ ಗುಂಟ ಇಳಿದೆವು. ಇಪ್ಪತ್ತೈದು ಅಡಿ ಇರಬಹುದು, ನಮ್ಮೂರ ಬಾವಿಯಷ್ಟೇ. ಆದರೆ ಬಾವಿಗೆ ಗೋಡೆಯಿರುತ್ತದೆ. ಇಲ್ಲಿ ಯಾವ ಕಡೆ ನೋಡಿದರೂ ನೀಲಿ, ಕೊನೆಯೇ ಇಲ್ಲ. ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು, ಯಾರೋ ಬೆನ್ನ ಹಿಂದೆ ನಿಂತು ಏದುಸಿರು ಬಿಡುತ್ತಿರುವ ಹಾಗೆ.

ಕಾಕಾನ ಸೊಂಟದ ಪಟ್ಟಿ ಸಡಿಲವಾಗಿತ್ತು. ಹುಡುಗಿ ನನಗೆ ಬಂಡೆಯೊಂದನ್ನು ಹಿಡಿದಿರಲು ಸನ್ನೆ ಮಾಡಿ, ಕೈ ಬಿಟ್ಟು ಅವನ ಕಡೆ ತಿರುಗಿದಳು. ಅಷ್ಟರಲ್ಲಿ ನನ್ನ ಮಾಸ್ಕಿನೊಳಗೆ ನೀರು ನುಗ್ಗಿತು. ಉಪ್ಪು ಮೂಗಿನಿಂದ ನೆತ್ತಿಗೇರಿತು. ನೀರು ಹೊರಹಾಕುವ ಬಗೆಯನ್ನು ಬೆಳಿಗ್ಗೆ ಎರಡು ಸಲ ಮಾಡಿ ತೋರಿಸಿದ್ದೆ. ಈಗ ಒಂದೂ ನೆನಪಾಗಲಿಲ್ಲ. ನೆನಪಾದದ್ದು ಎಂಟನೇ ವಯಸ್ಸಿನ ಪಾಠ. ಹಲ್ಲು ಕಚ್ಚಿದೆ. ಉಸಿರು ಗಂಟು ಹಾಕಿದೆ. ಮೇಲಕ್ಕೆ ಒದ್ದೆ.

ಯಾರೋ ನನ್ನ ಪಾದದ ಗಂಟು ಹಿಡಿದರು.

ಕಾಲು ಕೊಡವಿದೆ, ಬಿಡಲಿಲ್ಲ. ಇನ್ನೊಂದು ಕಾಲಿನಿಂದ ಬಲವಾಗಿ ಒದ್ದೆ. ಒದ್ದದ್ದು ಮೆತ್ತಗಿನದಕ್ಕೆ ಎಂದು ಹಿಮ್ಮಡಿಗೆ ಗೊತ್ತಾಯಿತು, ಆದರೂ ಇನ್ನೊಮ್ಮೆ ಒದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಗಳಿಗೆಯಲ್ಲಿ ಕೆಳಗಿರುವವನು ಸತ್ತರೂ ಸರಿ, ನಾನು ಮೇಲೆ ಹೋಗಬೇಕು ಅನ್ನಿಸಿತ್ತು.

ಕೈ ಬಿಡಲಿಲ್ಲ. ನನ್ನ ಕಾಲನ್ನೇ ಏಣಿ ಮಾಡಿಕೊಂಡು, ಮೊಣಕಾಲು, ಸೊಂಟ, ಭುಜ ಹಿಡಿಯುತ್ತ ಕಾಕಾ ಮೇಲೆ ಬಂದ. ಅರ್ಧ ನೀರು ತುಂಬಿದ ಮಾಸ್ಕಿನ ಮೇಲರ್ಧದಲ್ಲಿ ಅವನ ಮುಖ ಕಂಡಿತು. ಬಾಯಲ್ಲಿ ನಳಿಗೆ ಇರಲಿಲ್ಲ. ಒಡೆದ ತುಟಿಯಿಂದ ರಕ್ತ ಕಪ್ಪಗೆ ಎಳೆಯಾಗಿ ಹೋಗುತ್ತಿತ್ತು. ಹಿಂದೆ ತೂಗಾಡುತ್ತಿದ್ದ ನಳಿಗೆಯನ್ನು ಅವನು ಹುಡುಕಲೇ ಇಲ್ಲ. ಎರಡೂ ಕೈಯಿಂದ ನನ್ನ ಭುಜ ಒತ್ತಿಹಿಡಿದು, ತುಟಿ ಚೂಪು ಮಾಡಿ, ನನ್ನ ಕಣ್ಣೆದುರು ಸಣ್ಣಗೆ ಗುಳ್ಳೆ ಬಿಡತೊಡಗಿದ. ಒಂದಾದ ಮೇಲೊಂದು. ತನ್ನ ಎದೆಯಲ್ಲಿ ಉಳಿದಿದ್ದ ಗಾಳಿಯನ್ನೇ ಖರ್ಚು ಮಾಡಿ ನನಗೆ ತೋರಿಸುತ್ತಿದ್ದ: ಹೀಗೆ, ಬಿಡು, ಹೀಗೆ. ನಲವತ್ತು ವರ್ಷ ಉಸಿರು ಹಿಡಿದೇ ಬದುಕಿದವನು ಬೆಳಿಗ್ಗೆ ಕಲಿತದ್ದನ್ನು ಅಲ್ಲಿ ನನಗೆ ಕಲಿಸುತ್ತಿದ್ದ.

ನಾನು ಬಿಟ್ಟೆ. ಗುಳ್ಳೆಗಳು ಭುಸ್ಸೆಂದು ಹೋದವು. ಮತ್ತೆ ಎಳೆದುಕೊಂಡೆ, ಗಾಳಿ ಬಂತು. ಅಷ್ಟರಲ್ಲಿ ಹುಡುಗಿ ಬಂದು ಕಾಕಾನ ಬಾಯಿಗೆ ನಳಿಗೆ ಇಟ್ಟು, ಇಬ್ಬರನ್ನೂ ಹಿಡಿದು ನಿಧಾನವಾಗಿ ಮೇಲಕ್ಕೆ ತಂದಳು.

ದೋಣಿಗೆ ಹತ್ತಿದಾಗ ಗೆಳೆಯರು ಆಗಲೇ ಬಂದು ಬಿಸ್ಕೀಟು ತಿನ್ನುತ್ತಿದ್ದರು. ಕಾಕಾನ ಊದಿದ ತುಟಿ ನೋಡಿ, "ಏನಾತು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿಬಿಟ್ಟ.

"ಗಾಬರಿ ಆತಲೇ ನನಗ. ನಳಿಗಿ ಬಿದ್ಬಿಡ್ತು, ಬಂಡೆಗಲ್ಲಿಗೆ ಬಾಯಿ ಬಡಕೊಂಡೆ. ಈ ಮೇಷ್ಟ್ರು ಹಿಡಕೊಂಡ, ಉಳದೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ಸಮುದ್ರ ನೋಡಿದೆ. ಅವಳು ತನ್ನ ಸಿಲಿಂಡರಿನ ಪಟ್ಟಿ ಬಿಚ್ಚತೊಡಗಿದಳು.

ಘಟ್ಟ ಹತ್ತುವಾಗ ಗೆಳೆಯರಿಬ್ಬರೂ ನಿದ್ದೆ ಹೋಗಿದ್ದರು. ಕಾಕಾ ಮೆಲ್ಲಗೆ ಕೇಳಿದ, "ಇಷ್ಟು ಹುಡುಗ್ರಿಗೆ ಉಸಿರು ಗಂಟು ಹಾಕ್ರಿ ಅಂತ ಕಲಿಸೀನಿ. ತಪ್ಪು ಕಲಿಸಿದ್ನೇನೋ?"

"ಇಲ್ಲ ಕಾಕಾ. ಬಾವ್ಯಾಗ ದಂಡಿ ಮ್ಯಾಲಿನ ಗಾಳಿನ ಎಳಕೊಂಡು ಮುಳುಗ್ತೀವಿ, ಅದು ಮೊದಲಿದ್ದಕ್ಕಿಂತ ಹೆಚ್ಚಿಗಿ ಹಿಗ್ಗಲ್ಲ. ಅಲ್ಲಿ ನಿನ್ನ ಪಾಠನ ಸರಿ."

"ಖರೇ?"

"ಖರೇ."

ಅವನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ನನ್ನ ಭೌತಶಾಸ್ತ್ರ ಒಬ್ಬನಿಗಾದರೂ ಉಪಯೋಗಕ್ಕೆ ಬಂದದ್ದು ಅಂದೇ. ನೀನು ಯಾಕೆ ಸುಳ್ಳು ಹೇಳಿದೆ ಎಂದು ಅವನನ್ನು ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಕೇಳಲಿಲ್ಲ.

ಊರಿಗೆ ಬಂದ ಮೇಲೆ ಆ ಸುಳ್ಳು ಗೊಬ್ಬರದ ಅಂಗಡಿಯಿಂದ ಚಹಾದ ಅಂಗಡಿಗೆ ಹೋಯಿತು. "ಬಾವಿ ಕಾಕಾ ಸಮುದ್ರದಾಗ ಅತ್ನಂತ" ಎಂದು ಆಡಿಕೊಳ್ಳತೊಡಗಿದರು. ಮೊದಮೊದಲು ಕಾಕಾನೂ ಜೊತೆಗೆ ನಗುತ್ತಿದ್ದ. ಮುಂದಿನ ಬೇಸಗೆಯಲ್ಲಿ ಈಜು ಕಲಿಯಲು ಮಕ್ಕಳನ್ನು ಕಳಿಸುವವರು ಕಡಿಮೆಯಾದರು. ಕಾನಹೊಸಹಳ್ಳಿಯ ರೈತರೊಬ್ಬರು, ಕಾಕಾಗ ವಯಸ್ಸಾತು, ಯಾಕ ಬೇಕು ಎಂದು ಬೇರೆಯವನನ್ನು ಕರೆಸಿ ಬಾವಿಗೆ ಇಳಿಸಿದರು. ಆ ಸುದ್ದಿ ಬಂದ ದಿನ ನಾನು ಅವನ ಅಂಗಡಿಯಲ್ಲೇ ಇದ್ದೆ. ಕಾಕಾ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಸುತ್ತುತ್ತಲೇ ಇದ್ದ, ತಲೆ ಎತ್ತಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಮೂರು ವರ್ಷ ಕಳೆದೆ. ವಿದ್ಯಾರ್ಥಿಗಳು ಏನಂದುಕೊಂಡಾರು ಎಂಬುದು ನನ್ನ ನೆಪ. ನಿಜ ಅಂದರೆ ನಾನು ಹೇಡಿ.

ಕಳೆದ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತ ಕಾಕಾ ಏಳಲಿಲ್ಲ. ಮೂರನೇ ದಿನ ಮೂವರೂ ಅವನ ಮನೆಗೆ ಹೋದೆವು. ಪಡಸಾಲೆಯಲ್ಲಿ ಊರ ಗಂಡಸರು ಕೂತಿದ್ದರು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದು ಎರಡೂ ಕೈ ಹಿಡಿದುಕೊಂಡಳು.

"ಅವತ್ತು ನೀ ಹಿಡೀಲಿಲ್ಲಂದ್ರ ಸಮುದ್ರದಾಗ ಹೋಗಿಬಿಡ್ತಿದ್ರು. ನಿನ್ನಿಂದ ಮೂರು ವರ್ಷ ನನಗ ಹೆಚ್ಚಿಗಿ ಸಿಕ್ರು, ನನ್ನಪ್ಪ."

ಇನ್ನು ತಡೆಯಲಾಗಲಿಲ್ಲ. "ಅಲ್ಲ ಚಿಗವ್ವ. ಹೆದರಿದವ ನಾನು. ಕಾಕಾ ನನ್ನ ಉಳಿಸಿದ. ಅವನ ಬಾಯಿಗೆ ಒದ್ದವನೂ ನಾನ."

ಅವಳು ಕೈ ಬಿಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನನಗ ಹೇಳಿ ಏನ್ ಮಾಡ್ತಿ?" ಎಂದಳು. "ನನ್ನ ಮಗ ಅಲ್ಲಿ ಕುಂತಾನ. ಅಪ್ಪ ನೀರಿಗೆ ಹೆದರಿದ ಅಂತ ಮೂರು ವರ್ಷ ಊರ ಮಾತು ಕೇಳ್ಯಾನ. ಅವನಿಗೆ ಹೇಳು. ಎಲ್ಲಾರೂ ಅದಾರ, ಈಗ ಹೇಳು."

ಪಡಸಾಲೆಗೆ ಹೋದೆ. ಮಗ ಎದ್ದು ಕುರ್ಚಿ ಕೊಟ್ಟ, ಕೂರಲಿಲ್ಲ. ನಿಂತೇ ಹೇಳಿದೆ, ಒದ್ದದ್ದನ್ನೂ, ಎರಡನೇ ಸಲ ಒದ್ದದ್ದನ್ನೂ, ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದನ್ನೂ. ಮಗ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಗೊಬ್ಬರದ ಅಂಗಡಿಯ ಗೆಳೆಯ, ನನ್ನ ಕಡೆ ನೋಡದೆ, ನೆಲ ನೋಡುತ್ತ ಹೇಳಿದ:

"ಅವನ ಮುಂದನ ಕುಂತು ನಕ್ಕೀವಲ್ಲಲೇ, ಮೂರು ವರ್ಷ."