ಎರಡು ಎಮ್ಮೆಗೆ ಬಂದ ಪದವಿ

ಪೆಟ್ಟಿಗೆಯ ತಳದಿಂದ ನನ್ನ ಮದುವೆಯ ಬಿಳಿ ಹೊದಿಕೆಯನ್ನು ಮೊಮ್ಮಗಳು ಮೊನ್ನೆ ಹೊರಗೆಳೆದಳು. ಬಿಡಿಸಿದ ಕೂಡಲೇ ಹಸಿ ಚಹಾ ಎಲೆಯ ವಾಸನೆ ಬಂತು. ಬಂದಂತೆ ನನಗಾದರೂ ಅನ್ನಿಸಿತು. ನಡುವೆ ಕಂದು ಕಲೆಗಳು, ಎಷ್ಟು ಒಗೆದರೂ ಬಿಡದವು.

"ಟೀ ಚೆಲ್ಲಿದ್ರಾ ಅಜ್ಜ?"

"ಟೀ ಅಲ್ಲ, ಭೌತಶಾಸ್ತ್ರ" ಎಂದೆ.

ಮನೆಯಲ್ಲಿ ಆಗ ನಡೆಯುತ್ತಿದ್ದುದೂ ಅದೇ ಮಾತು. ಅವಳಿಗೆ ಊಟಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಸೀಟು ಸಿಕ್ಕಿತ್ತು. ಶುಲ್ಕ ಕಟ್ಟಲು ಎರಡು ದಿನ ಉಳಿದಿತ್ತು. ನನ್ನ ಮಗ ಕಾಗದದ ಒಂದು ಬದಿಗೆ ಫೀಸು, ಹಾಸ್ಟೆಲು, ಬಸ್ಸು ಎಂದು ಬರೆದಿದ್ದ. ಇನ್ನೊಂದು ಬದಿಗೆ 'ಸಂಬಳ' ಎಂದು ಬರೆದು, ಮುಂದೆ ತೋಚದೆ ಕುಳಿತಿದ್ದ.

"ಎದುರು ಮನೆ ಅತ್ತೆ ಓದಿದ್ದೂ ಇದನ್ನೇ ಅಲ್ವಾ? ಏನಾಯ್ತು?" ಎಂದು ನನ್ನನ್ನೇ ಕೇಳಿದ.

ಏನಾಯಿತೆಂದು ಹಟ್ಟಿಯವರು ಹೇಳುವ ಕಥೆ ಒಂದಿದೆ. ನಮ್ಮ ಕಟ್ಟಬೆಟ್ಟು ಹಟ್ಟಿಯಲ್ಲಿ ಮೊದಲು ಪದವಿ ಪಡೆದ ಹೆಣ್ಣು ಅವಳು. ಅದಕ್ಕಾಗಿ ಅವಳ ತಂದೆ ಕರೆಯುವ ಎಮ್ಮೆ ಎರಡನ್ನು ಮಾರಿದರು. ಓದು ಮುಗಿದ ಮೇಲೆ ದೂರದ ಕೆಲಸಕ್ಕೆ ಮನೆಯವರು ಕಳಿಸಲಿಲ್ಲ. ನಾವು ಸಣ್ಣ ಬೆಳೆಗಾರರು ಚಹಾ ಎಲೆಯ ಮೂಟೆ ಇಳಿಸುವ ಶೆಡ್ಡಿನಲ್ಲಿ, ಫ್ಯಾಕ್ಟರಿಯ ಪರವಾಗಿ ತೂಕ ಬರೆಯಲು ಕುಳಿತಳು. ಮೂಟೆ ಎತ್ತುವವನಿಗೂ ಅವಳಿಗೂ ಒಂದೇ ಸಂಬಳ. "ಎರಡು ಎಮ್ಮೆ ಕೊಟ್ಟು ಒಂದು ಕಾಗದ ತಂದಳು" ಎಂದು ಹಟ್ಟಿಯೆಲ್ಲ ಆಡಿಕೊಂಡಿತು. ಅವಳು ನಕ್ಕುಬಿಡುತ್ತಿದ್ದಳು: "ಆ ಎಮ್ಮೆಗಳು ಇದ್ದಿದ್ರೂ ಇಷ್ಟೊತ್ತಿಗೆ ಹಾಲು ಬತ್ತಿರ್ತಿತ್ತು ಬಿಡಿ!"

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಮುಂದೆ ಕಲಿತದ್ದೆಲ್ಲ ಸ್ವಂತ ಓದಿನಿಂದ. ಯಾರೋ ಹೇಳಿದರೆಂದು ಒಪ್ಪುವ ಅಭ್ಯಾಸ ನನಗಿಲ್ಲ. ಶೆಡ್ಡಿನಲ್ಲಿ ಒಂದು ರೂಢಿಯಿತ್ತು: ಎಲೆ ಒದ್ದೆಯಾಗಿದ್ದರೆ ಹತ್ತು ಕಿಲೋಗೆ ಎರಡು ಕಿಲೋ ನೀರಿನ ಲೆಕ್ಕಕ್ಕೆ ಕಡಿತ. ಒಂದು ದಿನ ತಕ್ಕಡಿಯ ಮುಂದೆಯೇ ಅವಳೊಡನೆ ಜಗಳಕ್ಕೆ ನಿಂತೆ.

"ಮಂಜು ಬಿದ್ದರೂ ಎರಡು, ಜಡಿಮಳೆ ಹೊಡೆದರೂ ಎರಡು. ಆ ನೀರನ್ನು ತೂಗಿ ನೋಡಿದವರು ಯಾರು?"

ಅವಳು ಪೆನ್ನು ಕೆಳಗಿಟ್ಟಳು. "ಯಾರೂ ಇಲ್ಲ ಅಣ್ಣ. ನಾವೇ ತೂಗೋಣ. ಒಂದು ದೊಡ್ಡ ಬಿಳಿ ಬಟ್ಟೆ ತನ್ನಿ."

ಮನೆಯಲ್ಲಿ ದೊಡ್ಡದಿದ್ದದ್ದು ಈ ಮದುವೆಯ ಹೊದಿಕೆಯೊಂದೇ... ಮಂಜಿನ ಬೆಳಿಗ್ಗೆ ಹತ್ತು ಕಿಲೋ ಎಲೆಯನ್ನು ಅದರ ಮೇಲೆ ಹರಡಿ, ಮೆಲ್ಲಗೆ ಹೊರಳಿಸಿ, ಹನಿ ಆರುವವರೆಗೆ ಮಾತ್ರ ಬಿಟ್ಟಳು. ಎಲೆ ಬಾಡಬಾರದು, ಒಳಗಿನ ನೀರು ಎಲೆಯದೇ ತೂಕ, ಅದಕ್ಕೆ ಫ್ಯಾಕ್ಟರಿ ದುಡ್ಡು ಕೊಡಲೇಬೇಕು ಎಂದಳು. ಮತ್ತೆ ತೂಗಿದಾಗ ಒಂಬತ್ತಕ್ಕೂ ಸ್ವಲ್ಪ ಹೆಚ್ಚು ಬಂತು! ಈಗಲೇ ಫ್ಯಾಕ್ಟರಿಯ ಮ್ಯಾನೇಜರರ ಬಳಿ ಹೋಗೋಣವೆಂದು ನಾನು ಕುಣಿದೆ. ಜಡಿಮಳೆಯ ದಿನವೂ ತೂಗಬೇಕೆಂದು ಅವಳು ಹಟ ಹಿಡಿದಳು. ಆ ದಿನವೂ ಬಂತು. ಹತ್ತು ಕಿಲೋ ಇಳಿದು ಏಳೂವರೆಗೆ ನಿಂತಿತು.

"ಇದನ್ನು ಬರೀಬೇಡ ತಂಗಿ" ಎಂದೆ.

"ಒಂದೇ ಬದಿ ಬರೆದರೆ ಅದು ಲೆಕ್ಕ ಅಲ್ಲ ಅಣ್ಣ, ಜಗಳ."

ಮೂರು ದಿನ ನಾನು ಅವಳ ಮುಖ ನೋಡಲಿಲ್ಲ. ಅವಳು ಎರಡನ್ನೂ ಬರೆದುಕೊಟ್ಟಳು. ನಮಗೇ ನಷ್ಟವಾಗುವ ಅಂಕಿಯನ್ನು ಕಂಡದ್ದರಿಂದಲೇ ಮ್ಯಾನೇಜರರು ನಂಬಿ ಬಂದು, ಎದುರು ನಿಂತು ತೂಗಿಸಿದರು. ಜಡಿಮಳೆಗೆ ಹಳೆಯ ಎರಡು ಕಿಲೋ ಉಳಿಯಿತು. ಮಂಜಿಗೆ ಒಂದೇ ಎಂದಾಯಿತು. ನಮ್ಮ ಬೆಟ್ಟದಲ್ಲಿ ಮಂಜಿನ ದಿನಗಳೇ ಹೆಚ್ಚೆಂದು ಯಾರಿಗೆ ಗೊತ್ತಿಲ್ಲ! ಹಟ್ಟಿಯೆಲ್ಲ ಹಿಗ್ಗಿತು. ನನ್ನ ಹೆಂಡತಿ ಮಾತ್ರ ಹೊದಿಕೆ ಬಿಡಿಸಿ ನೋಡಿ, "ನಿಮ್ಮಿಬ್ಬರ ಫಿಸಿಕ್ಸಿಗೆ ಮದುವೆ ಬಟ್ಟೆಯೇ ಬೇಕಿತ್ತಾ?" ಎಂದು ಬೀದಿಗೆ ಕೇಳುವಂತೆ ಬೈದಳು. ತಂಗಿ ಅವಳ ಜೊತೆ ಕೂತು ಕಲೆ ಉಜ್ಜುತ್ತಲೇ ನಗುತ್ತಿದ್ದಳು...

ಇಷ್ಟನ್ನೂ ಹೇಳಿದ ಮೇಲೆ ಮಗ ಕೇಳಿದ: "ಆಮೇಲೆ ಅತ್ತೆಯ ಸಂಬಳ ಏರಿತಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮೊಮ್ಮಗಳ ಕಣ್ಣು ನನ್ನ ಮೇಲೆಯೇ ಇತ್ತು. "ಇಲ್ಲ. ಕೊನೆಯವರೆಗೂ ಅಷ್ಟೇ. ಬರೆದುಕೋ. ಮಂಜಿನ ದಿನ ಉಳಿಯುವ ಒಂದು ಕಿಲೋವನ್ನೂ ಬರೆದುಕೋ; ಇಂದಿಗೂ ಪ್ರತಿ ಮನೆಗೂ ಬರುತ್ತಿದೆ."

ಅವನು ಎರಡನ್ನೂ ಕಾಗದದಲ್ಲಿ ಬರೆದುಕೊಂಡ. ಬಳಿಕ ಅದನ್ನು ಮಡಚಿ ಜೇಬಿಗಿಟ್ಟು ಮಗಳಿಗೆ ಹೇಳಿದ: "ಆ ಹೊದಿಕೆ ಮತ್ತೆ ಪೆಟ್ಟಿಗೆಗೆ ಯಾಕೆ ಹಾಕ್ತೀಯಾ? ಊಟಿ ಹಾಸ್ಟೆಲಲ್ಲಿ ಚಳಿ ಜಾಸ್ತಿ."

ಅವಳು ಕೂಗಿದ ಕೂಗು ಕೆಳಗಿನ ತೋಟದವರೆಗೂ ಕೇಳಿರಬೇಕು. ಹಳೆಯ ಅಭ್ಯಾಸದಿಂದ, ಸುದ್ದಿ ಹೇಳಲೆಂದು ನಾನು ಎದುರು ಮನೆಯ ಬಾಗಿಲಿಗೆ ಹೋದೆ. ತಂಗಿ ತೀರಿಕೊಂಡು ಎರಡು ಚಳಿಗಾಲ ಕಳೆದಿದೆ ಎಂಬುದು ಚಿಲಕ ಮುಟ್ಟಿದಾಗಲೇ ನೆನಪಾದದ್ದು... ಹೇಳಬೇಕೆಂದಿದ್ದ ಮಾತನ್ನು ಆ ಬಾಗಿಲಿಗೇ ಹೇಳಿ ಬಂದೆ: ತಂಗಿ, ನಿನ್ನ ಎಮ್ಮೆಗಳು ಇನ್ನೂ ಹಾಲು ಕೊಡುತ್ತಿವೆ.