ಇಲ್ಲದ ಹರಕೆ, ತಿನ್ನದ ಬಂಗುಡೆ

ನನ್ನ ಹೆಂಡತಿ ಸುನಂದಾಗೆ ನಾನು ಎರಡು ಸುಳ್ಳು ಹೇಳಿದ್ದೇನೆ. ಒಂದು ಸಿಕ್ಕಿಬಿದ್ದು, ಬೈಸಿಕೊಂಡು, ಈಗ ನಾವಿಬ್ಬರೂ ನೆನೆಸಿಕೊಂಡು ನಗುವ ಮಾತಾಗಿದೆ. ಇನ್ನೊಂದು ಅವಳಿಗೆ ಇವತ್ತಿನವರೆಗೂ ಗೊತ್ತಿಲ್ಲ — ಮೊದಲನೆಯದಕ್ಕಿಂತ ಅದೇ ಕೆಟ್ಟದ್ದು.

ಜಯಪುರ ಪೇಟೆಯಲ್ಲಿ ನಮ್ಮದೊಂದು ಟೈಲರ್ ಅಂಗಡಿ. ನಾನು ಮಿಷನ್ ತುಳಿಯುತ್ತೇನೆ. ಅವಳು ಪಕ್ಕದ ಸ್ಟೂಲಿನಲ್ಲಿ ಕೂತು ಹುಕ್ಸು, ಕಾಜಾ, ಸೀರೆ ಫಾಲು ನೋಡಿಕೊಳ್ಳುತ್ತಾಳೆ. ಇಪ್ಪತ್ತಾರು ವರ್ಷ ಮೊಣಕೈ ತಾಗುವಷ್ಟು ಹತ್ತಿರ ಕೂತವರು ನಾವು. ನನಗೆ ಐವತ್ತೊಂದು ತುಂಬುವ ಹೊತ್ತಿಗೆ — ಬರೆಯಲೂ ಕೈ ತಡೆಯುತ್ತದೆ — ಹಾಸಿಗೆಯಲ್ಲಿ ನನ್ನ ದೇಹ ನನ್ನ ಮಾತು ಕೇಳದಾಯಿತು. ಮನಸ್ಸಿಗೆ ಆಸೆಯೇನೋ ಇತ್ತು, ಆದರೆ ನಿಮಿರುತ್ತಿರಲಿಲ್ಲ, ನಿಮಿರಿದರೂ ಉಳಿಯುತ್ತಿರಲಿಲ್ಲ. ಪೇಪರಿನ ಜಾಹೀರಾತು ನೋಡಿ ಒಂದು ಲೇಹ್ಯ ತರಿಸಿ, ಬಾಬಿನ್ ಡಬ್ಬಿಯ ಹಿಂದೆ ಬಚ್ಚಿಟ್ಟು ತಿಂದೆ. ಹೊಟ್ಟೆ ಕೆಟ್ಟಿತು, ಬೇರೇನೂ ಆಗಲಿಲ್ಲ.

ಆಗ ಕಾರ್ತಿಕ ಬಂತು. ಪ್ರತಿವರ್ಷದಂತೆ ಶಬರಿಮಲೆಗೆ ಮಾಲೆ ಹಾಕಿದೆ. ಆ ವ್ರತದಲ್ಲಿ ಹೆಂಡತಿಯಿಂದ ದೂರ, ಚಾಪೆಯ ಮೇಲೆ ನಿದ್ರೆ, ಮೀನು-ಮಾಂಸ ಇಲ್ಲ, ಮನೆಯವರೂ ನಮ್ಮನ್ನು 'ಸ್ವಾಮಿ' ಅಂತಲೇ ಕರೆಯಬೇಕು. ಅಬ್ಬಾ, ಎಂಥ ನೆಮ್ಮದಿ ಆಯಿತು ಅಂತೀರಿ! ಯಾರೂ ಏನೂ ಕೇಳುವ ಹಾಗಿಲ್ಲ. ಬೆಟ್ಟ ಹತ್ತಿ ಬಂದು ಮಾಲೆ ತೆಗೆದ ದಿನ ಮತ್ತೆ ಹಾಸಿಗೆಯ ಚಿಂತೆ ಹತ್ತಿತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ — "ನಾನೊಂದು ಹರಕೆ ಹೊತ್ತಿದ್ದೀನಿ ಮಾರಾಯ್ತಿ. ಮುಂದಿನ ವರ್ಷ ಬೆಟ್ಟ ಹತ್ತೋವರೆಗೂ ವ್ರತ ಬಿಡೋ ಹಾಗಿಲ್ಲ."

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ವ್ರತದ ಮನೆಯಲ್ಲಿ ಮೀನು ಬೇಯಿಸಬಾರದು ಅಂತ ತಾನೂ ಬಿಟ್ಟಳು. ಬಂಗುಡೆ ಅಂದರೆ ಪ್ರಾಣ ಬಿಡುವ ಹೆಂಗಸು! ಬೆಳಿಗ್ಗೆ ಮೀನಿನವನ ಸ್ಕೂಟರು ಪೋಂ ಪೋಂ ಎಂದು ಬಂದಾಗ ಒಮ್ಮೆ ತಲೆ ಎತ್ತುತ್ತಿದ್ದಳು, ಮತ್ತೆ ಬಗ್ಗಿ ಹುಕ್ಸು ಹಚ್ಚುತ್ತಿದ್ದಳು. "ಸ್ವಾಮಿ, ಊಟಕ್ಕೆ ಏಳಿ" ಅನ್ನುತ್ತಿದ್ದಳು. ನಾನು ಸ್ವಾಮಿಯ ಹಾಗೇ ಎದ್ದು ಕೂತು ಸೌತೆಕಾಯಿ ಹುಳಿ ಉಣ್ಣುತ್ತಿದ್ದೆ.

ಸಿಕ್ಕಿಬಿದ್ದದ್ದು ಮುಂದಿನ ವರ್ಷ. ನಮ್ಮ ತಂಡವನ್ನು ಕರೆದೊಯ್ಯುವ ಸೀತೂರಿನ ಗುರುಸ್ವಾಮಿ ಹೊಸ ಇರುಮುಡಿ ಚೀಲ ಹೊಲಿಸಲು ಅಂಗಡಿಗೆ ಬಂದರು. ಸುನಂದಾ ಭಕ್ತಿಯಿಂದ ಕಾಫಿ ಕೊಟ್ಟು, "ಇವರ ಹರಕೆ ಈ ಸಲಕ್ಕೆ ಮುಗಿಯುತ್ತಲ್ವಾ ಗುರುಸ್ವಾಮಿ?" ಅಂದಳು. ಅವರು ಕಣ್ಣುಕಣ್ಣು ಬಿಟ್ಟರು.

"ಎಂತ ಹರಕೆ ಮಾರಾಯ್ತಿ? ಮಾಲೆ ತೆಗೆದ ದಿನವೇ ಅವನು ನಮ್ಮ ಜೊತೆ ಕೋಳಿ ಸಾರು ಉಂಡಿದ್ದಾನಲ್ಲ!"

ಅವರು ಹೋದ ಮೇಲೆ ಅವಳು ಜಗಳ ಮಾಡಲಿಲ್ಲ. ದಾರ ಹಲ್ಲಿನಲ್ಲಿ ಕಡಿದು ಕೇಳಿದಳು: "ಗರ್ಭಕೋಶದ ಆಪರೇಷನ್ ಆದ ಮೇಲೆ ನಾನು ನಿಮಗೆ ಬೇಡ ಆದ್ನಾ? ಹಾಗಿದ್ರೆ ನೇರ ಹೇಳಿ. ದೇವರನ್ನ ಎಂತಕ್ಕೆ ಮಧ್ಯೆ ತರ್ತೀರಿ?"

ಇನ್ನು ತಡೆಯಲಾಗಲಿಲ್ಲ. "ನಿನ್ನದು ಎಂತದ್ದೂ ಇಲ್ಲ. ನನಗೇ — ಆಗ್ತಿಲ್ಲ," ಅಂದೆ.

ಹೊಲಿಯುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು ಸ್ಕೇಲು ಎತ್ತಿಕೊಂಡಳು. ಆಮೇಲೆ ಶುರುವಾಯಿತು ನೋಡಿ ನಗು! ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಕೈಯಲ್ಲಿದ್ದ ಸ್ಕೇಲಿನಿಂದ ನನ್ನ ಬೆನ್ನಿಗೆ ಎರಡು ಏಟು. "ಇಷ್ಟಕ್ಕೆ ನನ್ನ ಒಂದು ವರ್ಷದ ಬಂಗುಡೆ ತಪ್ಪಿಸಿದ್ರಾ!"

ಮಾರನೇ ದಿನವೇ ನನ್ನನ್ನು ಎಳೆದುಕೊಂಡು ಕೊಪ್ಪದ ಬಸ್ ಹತ್ತಿದಳು. ಡಾಕ್ಟರ್ ನೋಡಿದರೆ ಮಗಳ ವಯಸ್ಸಿನ ಹುಡುಗಿ. ನಾನು "ಸೊಂಟನೋವು" ಅಂದೆ. ಸುನಂದಾ, "ಅವರು ಹೇಳೋದಿಲ್ಲ ಮೇಡಂ, ನಾನೇ ಹೇಳ್ತೀನಿ" ಅಂತ ಎಲ್ಲ ಹೇಳಿಬಿಟ್ಟಳು. ಡಾಕ್ಟರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಂಗಡಿಯಿಂದ ಹೊರಟ ಗಡಿಬಿಡಿಯಲ್ಲಿ ನನ್ನ ಕೊರಳಲ್ಲೇ ಉಳಿದಿದ್ದ ಟೇಪು ತೆಗೆದುಕೊಂಡು ನನ್ನ ಸೊಂಟ ಅಳೆದರು — ಮೂವತ್ತೊಂಬತ್ತು. ನಾನು ನನ್ನ ಪ್ಯಾಂಟನ್ನು ಇನ್ನೂ ಮೂವತ್ತಾರಕ್ಕೇ ಕತ್ತರಿಸುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಸಿಕ್ಕಿತು, ಬಿಪಿಯೂ ಇತ್ತು.

ಅವರು ಬಿಡಿಸಿ ಹೇಳಿದರು: ಇದು ಗಂಡಸುತನದ ಪ್ರಶ್ನೆಯಲ್ಲ, ಮುಖ್ಯವಾಗಿ ರಕ್ತನಾಳದ, ನರದ ಪ್ರಶ್ನೆ. ಬಹಳ ಜನರಿಗೆ ಬರುತ್ತದೆ. ಆ ಭಾಗದ ಸಣ್ಣ ರಕ್ತನಾಳಗಳು ಮೊದಲು ಸೋಲುತ್ತವೆ, ಹಾಗಾಗಿ ಹೃದಯದ ತೊಂದರೆಗೂ ಇದು ಮುನ್ಸೂಚನೆ ಆಗಬಹುದು. ಇಸಿಜಿ ಮಾಡಿಸಿ, ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯೇನಾದರೂ ತಗೊಳ್ಳುತ್ತೀರಾ ಅಂತ ಎರಡೆರಡು ಸಲ ಕೇಳಿ, ಅದರ ಜೊತೆ ಈ ತೊಂದರೆಗೆ ಕೊಡುವ ಮಾತ್ರೆ ಸೇರಿದರೆ ಪ್ರಾಣಕ್ಕೇ ಅಪಾಯ ಅಂದ ಮೇಲೆಯೇ ಇದನ್ನು ಬರೆದುಕೊಟ್ಟರು. ಸಕ್ಕರೆಗೆ ಔಷಧಿ, ದಿನಾ ನಡಿಗೆ. "ಮಾತ್ರೆ ನುಂಗಿ ಗೋಡೆ ನೋಡ್ತಾ ಕೂತರೆ ಆಗೋದಿಲ್ಲ, ಇಬ್ಬರೂ ಮಾತಾಡಿಕೊಂಡು ಇರಬೇಕು," ಅಂದರು. ಸುನಂದಾ ತಲೆ ತಗ್ಗಿಸಿ ನಕ್ಕಳು. ಆಮೇಲೇನಾಯಿತು ಅಂತ ಬರೆಯುವುದಿಲ್ಲ. ಈಗ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ಬಂಗುಡೆ ಸಾರು, ನಾನು ಸ್ವಾಮಿ ಅಲ್ಲ — ಅಷ್ಟು ಸಾಕು.

ಎರಡನೆಯ ಸುಳ್ಳಿಗೆ ಬರುತ್ತೇನೆ. ಅವತ್ತು ಕೊಪ್ಪದಿಂದ ಬರುವ ಬಸ್ಸಿನಲ್ಲಿ ಅವಳು ಕೇಳಿದಳು, "ನಾನು ನಿಮಗೆ ಬೇಡ ಆದೆ ಅಂತ ಒಳಗೊಳಗೇ ಕೊರಗ್ತಿದ್ದೆ, ಅದು ನಿಮಗೆ ಗೊತ್ತಾಗ್ಲೇ ಇಲ್ವಾ?" ನಾನು, "ಇಲ್ಲ, ಗೊತ್ತಿದ್ರೆ ಅವತ್ತೇ ಹೇಳ್ತಿದ್ದೆ" ಅಂದೆ. ಅವಳು ನನ್ನ ಹೆಗಲಿಗೆ ಒರಗಿದಳು.

ನನಗೆ ಗೊತ್ತಿತ್ತು. ಹರಕೆಯ ಮೂರನೇ ತಿಂಗಳಲ್ಲಿ, ಇದೇ ಅಂಗಡಿಯಲ್ಲಿ, ಅವಳು ಅಡ್ಡಗದ್ದೆಯಲ್ಲಿರುವ ತನ್ನ ತಂಗಿಗೆ ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದಳು — "ಕೋಶ ತೆಗೆದ ಮೇಲೆ ನಾನು ಹೆಂಗಸೇ ಅಲ್ಲ ಅನ್ನಿಸುತ್ತೆ ಕಣೇ ಅವರಿಗೆ." ಪ್ರತಿ ಅಕ್ಷರ ಕೇಳಿಸಿತು. ನಾನು ಏನು ಮಾಡಿದೆ ಗೊತ್ತೇ? ಮಿಷನ್ನು ಇನ್ನೂ ಜೋರಾಗಿ ತುಳಿದೆ — ಬೇಡದ ಕಡೆಗೂ ಹೊಲಿಗೆ ಹಾಕುತ್ತ. ತಪ್ಪು ಅವಳದು ಅಂತ ಅವಳೇ ಅಂದುಕೊಂಡರೆ ನನ್ನದು ಮುಚ್ಚಿಹೋಗುತ್ತದಲ್ಲ ಅಂತ... ಹೌದು, ಹಾಗೇ ಯೋಚಿಸಿದೆ. ಇದಕ್ಕೆ ಯಾವ ಡಾಕ್ಟರ್ ಹತ್ತಿರವೂ ಮಾತ್ರೆ ಇಲ್ಲ. ಮೊನ್ನೆಯೂ ನಗುತ್ತ, "ಪಾಪ, ನಿಮಗೆ ಗೊತ್ತೇ ಇರ್ಲಿಲ್ಲ ಬಿಡಿ" ಅಂದಳು. ಆ 'ಪಾಪ' ನನಗೆ ಸಲ್ಲುವುದಲ್ಲ.

ಇದನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಈಗ ಮೀನಿನವನ ಹಾರ್ನ್ ಆಯಿತು, ಅವಳು ಪಾತ್ರೆ ಹಿಡಿದು ಓಡಿದ್ದಾಳೆ. ಅವನ ಹತ್ತಿರ ಇನ್ನೊಂದು ಬಂಗುಡೆ ಕೊಸರು ಕೇಳುವ ಅವಳ ಜೋರು ದನಿ ಇಲ್ಲಿಗೆ ಕೇಳುತ್ತಿದೆ. ವಾಪಸು ಬಂದವಳು, "ಎಂತಕ್ಕೆ ಮಿಷನ್ ನಿಲ್ಸಿದ್ರಿ?" ಅಂತ ಖಂಡಿತ ಕೇಳುತ್ತಾಳೆ.

ಅವತ್ತು ನೀನು ಫೋನಿನಲ್ಲಿ ಮಾತಾಡುವಾಗ ನಿಲ್ಲಿಸಬೇಕಿತ್ತು ಸುನಂದಾ, ಅನ್ನುತ್ತೇನೆ.